ಕಾಡಿನ ಕಳೆಗೆ ಬೆಲೆ ಬಂದಿದೆ, ಹೆಣೆಯುವ ಕೈಗೆ?

ಚಾಮರಾಜನಗರ: ಕಾಡಂಚಿನ ಮಹಿಳೆಯರಿಗೆ ಕರಕುಶಲ ತರಬೇತಿ ನೀಡುವ ಕಾರ್ಯಕ್ರಮಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯೇನೂ ಇಲ್ಲ. ಬುಟ್ಟಿ ಹೆಣೆಯುವುದು, ಅಗರಬತ್ತಿ ಹೊಸೆಯುವುದು, ಬಾಳೆನಾರಿನ ಚೀಲ ತಯಾರಿಸುವುದು ಹೀಗೆ ಪಟ್ಟಿ ಬೆಳೆಯುತ್ತದೆ. ತರಬೇತಿಯ ಕೊನೆಯ ದಿನ ಪ್ರಮಾಣಪತ್ರ ವಿತರಣೆ, ಗಣ್ಯರ ಭಾಷಣ, ಛಾಯಾಚಿತ್ರ ಎಲ್ಲವೂ ನಡೆಯುತ್ತವೆ. ಮರುದಿನದಿಂದ ಆ ಮಹಿಳೆಯರ ಕೈಗೆ ಎಷ್ಟು ಕೆಲಸ ಸಿಗುತ್ತದೆ, ಆ ಕೆಲಸಕ್ಕೆ ಎಷ್ಟು ಕೂಲಿ ಬೀಳುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ದೊರೆಯುವುದು ಅಪರೂಪ.

ಮಹಿಳೆಯರ ಕರಕುಶಲ ವೃತ್ತಿಯ ಕುರಿತ ಚರ್ಚೆ ಬಹುಪಾಲು ಕೌಶಲದ ಸುತ್ತಲೇ ತಿರುಗುತ್ತಿದೆ. ಆದರೆ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಅನುಭವ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಕೊರತೆ ಇರುವುದು ಕೌಶಲಕ್ಕಲ್ಲ. ಕಚ್ಚಾವಸ್ತುವಿನ ಮೇಲಿನ ಹಕ್ಕು, ವರ್ಷದಲ್ಲಿ ಇಂತಿಷ್ಟು ದಿನ ಕೆಲಸ ಇದ್ದೇ ಇರುತ್ತದೆ ಎಂಬ ಖಾತರಿ ಮತ್ತು ಮಾರಾಟದ ಬೆಲೆಯಲ್ಲಿ ದುಡಿದವರ ಪಾಲು, ಈ ಮೂರಕ್ಕೆ. 'ನ್ಯಾಯಯುತ ವ್ಯಾಪಾರ' ಅಥವಾ ಫೇರ್ ಟ್ರೇಡ್ ಎಂಬ ಮಾತಿಗೆ ಅರ್ಥ ಬರುವುದು ಈ ಮೂರೂ ಕೂಡಿದಾಗ ಮಾತ್ರ.

ಬಿದಿರು ಹೋಯಿತು, ಲಂಟಾನ ಬಂತು

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯ ಸುಮಾರು ಅರ್ಧದಷ್ಟು ನೆಲ ಅರಣ್ಯ. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ, 2011ರ ಹೊತ್ತಿಗೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವೆನಿಸಿತು. ಸಂರಕ್ಷಣೆಯ ಪ್ರತಿ ಹೆಜ್ಜೆಯೂ ಕಾಡಿಗೆ ಬೇಕಾದದ್ದೇ ಆದರೂ, ಕಾಡನ್ನೇ ನೆಚ್ಚಿದ್ದ ಸೋಲಿಗರು, ಜೇನುಕುರುಬರು ಮತ್ತು ಬಿದಿರು ಹೆಣೆದು ಬದುಕುತ್ತಿದ್ದ ಕೊರವ, ಮೇದ ಕುಟುಂಬಗಳ ದುಡಿಮೆಯ ದಾರಿ ಅದರೊಂದಿಗೆ ಕಿರಿದಾಗುತ್ತ ಬಂತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು, ನೆಲ್ಲಿ, ಪಾಸಿ ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ 2006ರಲ್ಲಿ ತಡೆ ಬಿದ್ದಿತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ಆ ಕಾಯ್ದೆಯಡಿ 2011ರ ಅಕ್ಟೋಬರ್‌ನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಯ್ದೆಯು ಬಿದಿರನ್ನೂ ಕಿರು ಅರಣ್ಯ ಉತ್ಪನ್ನವೆಂದೇ ಎಣಿಸುತ್ತದೆ. ಆದರೆ ಹಕ್ಕುಪತ್ರ ಕೈಗೆ ಬರುವ ವೇಳೆಗೆ ಹೆಣೆಯುವವರ ಎದುರಿಗಿದ್ದ ಕಾಡು ಬದಲಾಗಿತ್ತು. ಬಿದಿರು ವಿರಳವಾಗಿ, ಮರಗಳ ಕೆಳಗಿನ ನೆಲವನ್ನೆಲ್ಲ ಲಂಟಾನದ ಪೊದೆ ಆವರಿಸಿತ್ತು.

ಅಮೆರಿಕ ಖಂಡದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಗಿಡವಿದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದಲ್ಲಿ ಹುಲಿಗಳಿರುವ ಕಾಡುಗಳ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಇದರ ಬಾಧೆ ತಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರ ನಡುವೆ ಅದರ ಹರವು ಸುಮಾರು ದುಪ್ಪಟ್ಟಾಯಿತೆಂದು ಸಂಶೋಧಕರು ದಾಖಲಿಸಿದ್ದಾರೆ. ಹಿಂದೆ ಬೇಸಿಗೆಯ ಆರಂಭದಲ್ಲಿ ಹಚ್ಚುತ್ತಿದ್ದ 'ತರಗು ಬೆಂಕಿ' ಲಂಟಾನದ ಸಸಿಗಳನ್ನು ಅಂಕೆಯಲ್ಲಿಟ್ಟಿತ್ತು, ಆ ಪದ್ಧತಿ ನಿಂತಮೇಲೆ ಕಳೆ ಹಬ್ಬಿತು ಎಂಬುದು ಸೋಲಿಗ ಹಿರಿಯರ ವಿವರಣೆ. ಸಂಶೋಧಕರೂ ಈ ವಾದವನ್ನು ಗಂಭೀರವಾಗಿ ಪರಿಗಣಿಸಿದ್ದಾರೆ.

ಈ ಕಳೆಯನ್ನೇ ಕಸುಬಿನ ಸರಕಾಗಿಸುವ ಪ್ರಯತ್ನಕ್ಕೆ ಬೆಂಗಳೂರಿನ ಏಟ್ರೀ ಸಂಸ್ಥೆ 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಚಾಲನೆ ನೀಡಿತು. ಬಿದಿರು, ಬೆತ್ತದ ಬದಲಿಗೆ ಲಂಟಾನದ ಕಡ್ಡಿ ಬಳಸಿ ಬುಟ್ಟಿ, ಕುರ್ಚಿ, ಮೇಜು, ಪುಸ್ತಕದ ಕಪಾಟು, ಆಟಿಕೆಗಳನ್ನು ಮಾಡುವ ಕೆಲಸ ಸೋಲಿಗ ಮತ್ತು ಕೊರವ ಕುಟುಂಬಗಳಿಗೆ ದೊರೆಯಿತು. ಬಿದಿರಿನ ಕೈಚಳಕ ಇದ್ದವರಿಗೆ ಹೊಸ ಕಡ್ಡಿಯ ಗುಣ ಅರಿಯಲು ಬಹಳ ಕಾಲ ಹಿಡಿಯಲಿಲ್ಲ. ಕಾಡಿಗೂ ಒಳಿತು, ಕಾಡಿನವರಿಗೂ ಒಳಿತು ಎಂಬ ಅಪರೂಪದ ಹೊಂದಾಣಿಕೆ ಇದಾಗಿತ್ತು.

ಬುಟ್ಟಿಯೊಳಗಿನ ದಿನಗೂಲಿ

ಅಂಗಡಿಯಲ್ಲಿ ಬುಟ್ಟಿಯನ್ನು ಎತ್ತಿ ನೋಡುವ ನಗರದ ಗ್ರಾಹಕರಿಗೆ ಕಾಣುವುದು ಹೆಣಿಗೆ ಮಾತ್ರ. ಅದರ ಹಿಂದಿನ ದುಡಿಮೆ ಕಾಣುವುದಿಲ್ಲ. ಪೊದೆಯೊಳಗಿಂದ ನೇರವಾದ ಕಡ್ಡಿಗಳನ್ನು ಆರಿಸಿ ಕಡಿಯಬೇಕು. ಆನೆ, ಕರಡಿಗಳು ಅಡಗುವ ಪೊದೆಯೂ ಅದೇ ಆದ್ದರಿಂದ ಹಗಲಿನಲ್ಲಿ, ಗುಂಪಾಗಿಯೇ ಹೋಗಬೇಕು. ಹೊರೆ ಹೊತ್ತು ತಂದ ಕಡ್ಡಿಗಳನ್ನು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಬಿಸಿ ಆರುವ ಮುನ್ನ ಸಿಪ್ಪೆ ಸುಲಿಯಬೇಕು, ಬಗ್ಗುವಾಗಲೇ ತಿದ್ದಬೇಕು, ದಪ್ಪನೆಯದನ್ನು ಸೀಳಬೇಕು. ಹೆಣಿಗೆ ಶುರುವಾಗುವುದು ಇಷ್ಟೆಲ್ಲ ಮುಗಿದ ಮೇಲೆ. ಕೊನೆಯಲ್ಲಿ ಮೆರುಗೆಣ್ಣೆ.

ಕಚ್ಚಾವಸ್ತು ಪುಕ್ಕಟೆ ಎಂಬ ಮಾತು ಹುಟ್ಟುವುದು ಈ ಹಂತಗಳು ಲೆಕ್ಕಕ್ಕೆ ಬಾರದಿರುವುದರಿಂದ. ಲಂಟಾನಕ್ಕೆ ಬೆಲೆ ಇಲ್ಲದಿರಬಹುದು, ಅದನ್ನು ತರುವ ಹೆಣ್ಣುಮಕ್ಕಳ ಹೊತ್ತಿಗೆ ಬೆಲೆ ಇದೆ. ಉದಾಹರಣೆಗಾಗಿ ಒಂದು ಲೆಕ್ಕ ಹಾಕಬಹುದು. ಮಧ್ಯಮ ಗಾತ್ರದ ಬುಟ್ಟಿಯೊಂದಕ್ಕೆ ಕಡಿಯುವುದರಿಂದ ಮೆರುಗಿನವರೆಗೆ ಒಟ್ಟು ಒಂದು ದಿನದ ದುಡಿಮೆ ತಗಲುತ್ತದೆಂದು ಇಟ್ಟುಕೊಳ್ಳೋಣ. ಉದ್ಯೋಗ ಖಾತರಿ ಯೋಜನೆಯಡಿ 2025-26ನೇ ಸಾಲಿಗೆ ರಾಜ್ಯದಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಅದಕ್ಕೆ ಸೌದೆ, ಮೊಳೆ, ಮೆರುಗೆಣ್ಣೆಯ ಬಾಬ್ತು 40 ರೂಪಾಯಿ ಸೇರಿಸಿದರೆ ಬುಟ್ಟಿಯ ಅಸಲು 410 ರೂಪಾಯಿ ಆಗುತ್ತದೆ. ಸಾಗಾಟ, ಅಂಗಡಿ ಬಾಡಿಗೆ, ಮಾರಾಟವಾಗದೆ ಉಳಿದ ಮಾಲಿನ ನಷ್ಟ ಎಲ್ಲ ಸೇರಿ ನಗರದ ಅಂಗಡಿಯಲ್ಲಿ ಬೆಲೆ ಇಮ್ಮಡಿಯಾದರೆ ಅದು 820 ರೂಪಾಯಿ.

ಇದೇ ಬುಟ್ಟಿಯನ್ನು ಸಂತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯ ಪಕ್ಕದಲ್ಲಿಟ್ಟು 250 ರೂಪಾಯಿಗೆ ಮಾರಿದರೆ ಖರ್ಚು ಕಳೆದು ಉಳಿಯುವುದು 210. ಸರ್ಕಾರಿ ಕೂಲಿಗಿಂತ 160 ರೂಪಾಯಿ ಕಡಿಮೆ. ತಿಂಗಳಿಗೆ ಹತ್ತು ದಿನ ಹೀಗೆ ಹೆಣೆದ ಮಹಿಳೆಗೆ 2,100 ರೂಪಾಯಿ ದಕ್ಕುತ್ತದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ ನೆರವೇ 2,000 ರೂಪಾಯಿ ಎಂಬುದನ್ನು ನೆನೆದರೆ, ಬೆನ್ನು ಬಗ್ಗಿಸಿ ಹೆಣೆದುದರ ಬೆಲೆ ಎಷ್ಟು ಕೆಳಗಿದೆ ಎಂಬುದು ಸ್ಪಷ್ಟವಾಗುತ್ತದೆ. ಹೆಣಿಗೆ ಬಲ್ಲ ಮಹಿಳೆ ಅದನ್ನು ಬಿಟ್ಟು ಅರಿಸಿನ, ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋದರೆ, ಕುಟುಂಬದೊಡನೆ ಕೊಡಗು ಅಥವಾ ವಯನಾಡಿನ ತೋಟಗಳತ್ತ ಹೊರಟರೆ, ಅದನ್ನು ಆಸಕ್ತಿಯ ಕೊರತೆ ಎನ್ನಲಾಗದು. ಅದು ಸರಿಯಾದ ಲೆಕ್ಕ.

ನ್ಯಾಯಯುತ ವ್ಯಾಪಾರ ಎಂದರೇನು?

ಈ ಪದಕ್ಕೆ ದಾನ ಎಂಬ ಅರ್ಥ ಅಂಟಿಕೊಂಡಿರುವುದು ದುರದೃಷ್ಟಕರ. 1946ರಲ್ಲಿ ಅಮೆರಿಕದ ಎಡ್ನಾ ರೂತ್ ಬೈಲರ್ ಎಂಬ ಮಹಿಳೆ ಪೋರ್ಟೊರಿಕೋದ ಬಡ ಹೆಣ್ಣುಮಕ್ಕಳು ಮಾಡಿದ ಕಸೂತಿಯನ್ನು ತಮ್ಮ ಪರಿಚಿತರಿಗೆ ಮಾರಲಾರಂಭಿಸಿದ್ದು ಈ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಬಳಿಕ ಕಾಫಿ, ಚಹಾ, ಬಾಳೆ, ಹತ್ತಿಯಂತಹ ಬೆಳೆಗಳಿಗೆ ಪ್ರತ್ಯೇಕ ಮುದ್ರೆ ಬಂತು. ಆ ಮುದ್ರೆಯ ನಿಯಮಗಳು ಬುಟ್ಟಿ, ಕಸೂತಿಗೆ ಹೊಂದುವುದಿಲ್ಲ. ಒಂದು ಕಿಲೋ ಕಾಫಿಗೆ ಕನಿಷ್ಠ ಬೆಲೆ ಗೊತ್ತುಪಡಿಸಬಹುದು, ಪ್ರತಿ ಊರಿನಲ್ಲೂ ಬೇರೆ ಬೇರೆಯಾಗಿರುವ ಬುಟ್ಟಿಗೆ ಹಾಗೆ ಮಾಡಲಾಗದು. ಆದ್ದರಿಂದ ಕರಕುಶಲ ಕ್ಷೇತ್ರದಲ್ಲಿ ವಸ್ತುವಿನ ಬದಲು ಅದನ್ನು ಕೊಂಡು ಮಾರುವ ಸಂಸ್ಥೆಯನ್ನೇ ಒರೆಗೆ ಹಚ್ಚುವ ಕ್ರಮವಿದೆ. 1989ರಲ್ಲಿ ಸ್ಥಾಪನೆಯಾದ ವಿಶ್ವ ನ್ಯಾಯಯುತ ವ್ಯಾಪಾರ ಒಕ್ಕೂಟ ಇದಕ್ಕಾಗಿ ಹತ್ತು ತತ್ವಗಳನ್ನು ರೂಪಿಸಿದೆ. ಭಾರತದಲ್ಲಿಯೂ ಇಂತಹ ಸಂಸ್ಥೆಗಳ ಕೂಟವಾಗಿ ಫೇರ್ ಟ್ರೇಡ್ ಫೋರಂ ಇಂಡಿಯಾ ಇದೆ.

ಹತ್ತು ತತ್ವಗಳಲ್ಲಿ ಕಾಡಂಚಿನ ಮಹಿಳೆಯರಿಗೆ ಅತ್ಯಂತ ಮುಖ್ಯವಾದುದು ಮುಂಗಡದ ನಿಯಮ. ಕರಕುಶಲ ವಸ್ತುಗಳಿಗೆ ಬೇಡಿಕೆ ಸಲ್ಲಿಸುವ ಸಂಸ್ಥೆ, ತಯಾರಕರು ಕೇಳಿದಲ್ಲಿ, ಕನಿಷ್ಠ ಅರ್ಧದಷ್ಟು ಹಣವನ್ನು ಬಡ್ಡಿಯಿಲ್ಲದೆ ಮುಂಚಿತವಾಗಿ ನೀಡಬೇಕು. ಮೇಲಿನ ಲೆಕ್ಕದಂತೆ ನೂರು ಬುಟ್ಟಿಗಳ ಅಸಲು 41,000 ರೂಪಾಯಿ. ಮುಂಗಡವಾಗಿ 20,500 ರೂಪಾಯಿ ಕೈಗೆ ಬಂದರೆ ಹತ್ತು ಮಹಿಳೆಯರ ಗುಂಪೊಂದು ಹತ್ತು ದಿನ ನಿಶ್ಚಿಂತೆಯಿಂದ ಕುಳಿತು ಹೆಣೆಯಬಹುದು. ಮುಂಗಡವಿಲ್ಲದಿದ್ದರೆ ಅದೇ ಹತ್ತು ದಿನ ಮನೆ ನಡೆಸಲು ಸಾಲ ಮಾಡಬೇಕು. ಮಾಲು ಹೋಗಿ ಎರಡು ಮೂರು ತಿಂಗಳ ನಂತರ ಹಣ ಬಂದರೆ ಅದು ನೇರ ಬಡ್ಡಿಗೆ ಹೋಗುತ್ತದೆ. ಅಂಗಡಿಯ ಬೆಲೆ ಎಷ್ಟೇ ಉದಾರವಾಗಿದ್ದರೂ ಹಣ ತಡವಾದರೆ ವ್ಯಾಪಾರ ನ್ಯಾಯಯುತವಾಗದು.

ಇನ್ನೊಂದು ಅಂಶ ಹಣ ಯಾರ ಕೈಸೇರುತ್ತದೆ ಎಂಬುದು. ಮನೆಮಂದಿಯೆಲ್ಲ ಕೂಡಿ ಮಾಡುವ ಕಸುಬಿನಲ್ಲಿ ಸಿಪ್ಪೆ ಸುಲಿದು ಹೆಣೆದವರು ಒಬ್ಬರು, ಸಂತೆಗೆ ಒಯ್ದು ಹಣ ಎಣಿಸಿಕೊಂಡವರು ಇನ್ನೊಬ್ಬರು ಆಗುವುದು ಸಾಮಾನ್ಯ. ಆದ್ದರಿಂದಲೇ ಹಣ ಮಹಿಳೆಯ ಸ್ವಂತ ಖಾತೆಗೋ ಸ್ವಸಹಾಯ ಗುಂಪಿನ ಖಾತೆಗೋ ಜಮೆಯಾಗುವುದು ಅಗತ್ಯ. ಈ ವಿಷಯದಲ್ಲಿ ಜಿಲ್ಲೆ ಹಿಂದುಳಿದಿಲ್ಲ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಸ್ವಸಹಾಯ ಗುಂಪುಗಳ ಕಲ್ಪನೆಯನ್ನು ಕರ್ನಾಟಕದಲ್ಲಿ ಬೆಳೆಸಿತು, 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸಿತು, 2000ದಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಗುಂಪುಗಳನ್ನು ಆರಂಭಿಸಿತು. ಉಳಿತಾಯ ಮಾಡಿ ಸಾಲ ಪಡೆಯಲು ಗುಂಪುಗಳಿವೆ. ಬೆಲೆ ಕುದುರಿಸಲು ಮಾತ್ರ ಗುಂಪುಗಳು ಬೆಳೆದಿಲ್ಲ.

ಹೆದ್ದಾರಿ ಇದೆ, ಮಳಿಗೆ ಇಲ್ಲ

ಗುಂಡ್ಲುಪೇಟೆಯ ಸ್ಥಿತಿ ಇನ್ನೂ ವಿಚಿತ್ರ. ಮೈಸೂರಿನಿಂದ ಊಟಿಗೂ ವಯನಾಡಿಗೂ ಹೋಗುವ ದಾರಿಗಳು ಕವಲೊಡೆಯುವುದು ಈ ಊರಿನಲ್ಲಿ. 2009ರಿಂದ ಬಂಡೀಪುರದ ಮೂಲಕ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಪ್ರವಾಸಿ ವಾಹನಗಳೆಲ್ಲ ಹಗಲಿನಲ್ಲೇ ಹಾದುಹೋಗುತ್ತವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಯಾತ್ರಿಕರು, ಸಫಾರಿಗೆ ಬರುವವರು, ಹೂವಿನ ಹೊಲಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರು, ಹೀಗೆ ಕೊಳ್ಳುವ ಶಕ್ತಿಯುಳ್ಳ ಜನ ಮನೆ ಬಾಗಿಲಲ್ಲೇ ಇದ್ದಾರೆ. ಮಂಗಲ, ಜಕ್ಕಹಳ್ಳಿ ಸುತ್ತಲಿನ ಕಾಡಂಚಿನ ಜನರನ್ನು ಸೇರಿಸಿಕೊಂಡು ಲಂಟಾನ ತೆರವುಗೊಳಿಸುವ ಕೆಲಸವನ್ನು ಜಂಗಲ್‌ಸ್ಕೇಪ್ಸ್‌ನಂತಹ ಸಂಸ್ಥೆಗಳು ಹಲವು ವರ್ಷ ಮಾಡಿವೆ. ಕಡ್ಡಿಯೂ ಇದೆ, ಕೈಯೂ ಇದೆ, ಗಿರಾಕಿಯೂ ಇದ್ದಾರೆ. ಇವು ಮೂರನ್ನೂ ಕೂಡಿಸುವ ಖಾಯಂ ಮಳಿಗೆಯೊಂದು ಹೆದ್ದಾರಿಯ ಬದಿಯಲ್ಲಿ ಬೇರೂರದಿರುವುದೇ ಸೋಜಿಗ.

ಹಿಂದೆ ಈ ಕಸುಬಿಗೆ ಹೊರಗಿನ ಗಿರಾಕಿ ಬೇಕಿರಲಿಲ್ಲ ಎಂಬುದನ್ನೂ ಮರೆಯಬಾರದು. ಕಣಕ್ಕೆ ಮೊರ, ಹೊಲಕ್ಕೆ ಮಂಕರಿ, ರೇಷ್ಮೆ ಸಾಕುವವರಿಗೆ ಚಂದ್ರಿಕೆ ಬೇಕಾಗುತ್ತಿತ್ತು. ಕೊಳ್ಳೇಗಾಲ, ಚಾಮರಾಜನಗರದ ಹಿಪ್ಪುನೇರಳೆ ತೋಟಗಳು ತುಂಬಿದ್ದ ಕಾಲದಲ್ಲಿ ಚಂದ್ರಿಕೆಯೊಂದೇ ಎಷ್ಟೋ ಮೇದ, ಕೊರವ ಮನೆಗಳ ಒಲೆ ಉರಿಸಿತು. ರೇಷ್ಮೆ ಬೆಳೆ ಕುಗ್ಗಿತು, ಪ್ಲಾಸ್ಟಿಕ್ ಚಂದ್ರಿಕೆ ಬಂತು, ಕಣಗಳ ಜಾಗಕ್ಕೆ ಯಂತ್ರ ಬಂತು. ತೆರಕಣಾಂಬಿ, ಬೇಗೂರಿನ ಸಂತೆಯಲ್ಲಿ ರೈತನೇ ಗಿರಾಕಿಯಾಗಿದ್ದ ಕಸುಬು ನಗರದ ಡ್ರಾಯಿಂಗ್ ರೂಮಿನ ಅಲಂಕಾರವನ್ನು ನಂಬಿ ನಿಲ್ಲಬೇಕಾಯಿತು. ಅಲಂಕಾರದ ವಸ್ತುವನ್ನು ಜನ ಪ್ರತಿ ವರ್ಷ ಕೊಳ್ಳುವುದಿಲ್ಲ.

ಸಾಗರದಾಚೆಯ ಆನೆಗಳು

ಲಂಟಾನ ಕುಶಲಕಲೆಗೆ ಜಗತ್ತಿನ ಗಮನ ದೊರೆತದ್ದು ಆನೆಗಳಿಂದ. ಬಂಡೀಪುರದ ಆಚೆ ಬದಿಯ ಗೂಡಲೂರು ಸೀಮೆಯಲ್ಲಿ ಬೆಟ್ಟಕುರುಬ, ಪಣಿಯ, ಕಾಟುನಾಯಕ, ಸೋಲಿಗ ಕುಶಲಕರ್ಮಿಗಳು ಕಬ್ಬಿಣದ ಚೌಕಟ್ಟಿನ ಮೇಲೆ ಲಂಟಾನದ ಕಡ್ಡಿ ಸುತ್ತಿ ನಿಜಗಾತ್ರದ ಆನೆಗಳನ್ನು ರೂಪಿಸಿದರು. 2021ರಲ್ಲಿ ಇವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಪ್ರದರ್ಶನ ನಡೆಯಿತು. ಅದೇ ವರ್ಷದ ಜುಲೈಯಲ್ಲಿ ನೂರು ಆನೆಗಳ ಹಿಂಡು ಅಮೆರಿಕದ ನ್ಯೂಪೋರ್ಟ್‌ನಿಂದ ಹೊರಟು ನ್ಯೂಯಾರ್ಕ್, ಮಯಾಮಿ ಮುಂತಾದ ನಗರಗಳನ್ನು ಸುತ್ತಿತು. ಒಂದೊಂದು ಆನೆ ಸಾವಿರಾರು ಡಾಲರಿಗೆ ಮಾರಾಟಕ್ಕಿತ್ತು.

ಬುಟ್ಟಿ ಹೆಣೆದ ಕೈಗೆ ಆನೆ ಹೆಣೆಯುವ ಅವಕಾಶ ಸಿಕ್ಕಿದ್ದು ಹೆಮ್ಮೆಯ ಸಂಗತಿ. ದೊಡ್ಡ ಬೇಡಿಕೆ, ಮುಂಗಡ ಹಣ, ವರ್ಷಗಟ್ಟಲೆ ಕೆಲಸ ಇದ್ದರೆ ಕಾಡಂಚಿನ ಜನ ಎಂತಹ ಕೆಲಸವನ್ನು ಬೇಕಾದರೂ ಮಾಡಬಲ್ಲರು ಎಂಬುದಕ್ಕೆ ಅದು ಸಾಕ್ಷಿ. ಆದರೆ ದೂರದ ಮಾರುಕಟ್ಟೆಗೆ ದೂರದ ಅಪಾಯಗಳೂ ಇವೆ. ಬೈಲರ್ ಅವರ ಪ್ರಯತ್ನದಿಂದ ಬೆಳೆದ ಟೆನ್ ಥೌಸಂಡ್ ವಿಲೇಜಸ್ ಸಂಸ್ಥೆಯ ಕೆನಡಾ ಶಾಖೆ 2020ರಲ್ಲಿ ತನ್ನ ಮಳಿಗೆಗಳನ್ನು ಮುಚ್ಚುವ ನಿರ್ಧಾರ ಪ್ರಕಟಿಸಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಬಹುತೇಕ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹೇರಿದಾಗ ಕರಕುಶಲ ರಫ್ತುದಾರರ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ವಾಷಿಂಗ್ಟನ್ನಿನ ಒಂದು ಆದೇಶಕ್ಕೆ ಹಾಡಿಯೊಂದರ ಮಹಿಳೆಯರ ಕೆಲಸ ನಿಲ್ಲುವಂತಹ ಅವಲಂಬನೆ ಹಿತವಲ್ಲ.

ಸಂಡೂರು, ಹೆಗ್ಗೋಡಿನ ಪಾಠ

ರಾಜ್ಯದೊಳಗೇ ಎರಡು ಮಾದರಿಗಳಿವೆ. ಸಂಡೂರು ಕುಶಲ ಕಲಾ ಕೇಂದ್ರ 1988ರಿಂದ ಲಂಬಾಣಿ ಮಹಿಳೆಯರ ಕಸೂತಿಗೆ ನೆಲೆ ಒದಗಿಸಿದೆ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಲ್ಲಿ ಕಲಿಯಬೇಕಾದುದು ದಾಖಲೆಯನ್ನಲ್ಲ, ಮೂರು ದಶಕಕ್ಕೂ ಮಿಕ್ಕಿ ಒಂದೇ ಸಂಸ್ಥೆ ಬಾಗಿಲು ಮುಚ್ಚದೆ ಕೆಲಸ ಕೊಡುತ್ತ ಬಂದ ನಿರಂತರತೆಯನ್ನು.

ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಚರಕ ಮಹಿಳಾ ಸಹಕಾರ ಸಂಘ ಮತ್ತೊಂದು ಮಾದರಿ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ ಈ ಸಂಘ ನೂಲಿಗೆ ಬಣ್ಣ ಹಾಕುವುದರಿಂದ ಹೊಲಿಗೆಯವರೆಗೆ ಮಹಿಳೆಯರಿಗೇ ಕೆಲಸ ಕೊಟ್ಟು, ದೇಸಿ ಮಳಿಗೆಗಳ ಮೂಲಕ ನಗರದ ಗ್ರಾಹಕರನ್ನು ನೇರವಾಗಿ ತಲುಪಿತು. ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು 2017ರಲ್ಲಿ ಪ್ರಸನ್ನ ಉಪವಾಸ ಸತ್ಯಾಗ್ರಹ ನಡೆಸಿದರು. ತೆರಿಗೆ ಶೂನ್ಯವಾಗಲಿಲ್ಲವಾದರೂ 2025ರ ಸೆಪ್ಟೆಂಬರ್ 22ರಿಂದ ಹಲವು ಕರಕುಶಲ ವಸ್ತುಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಇಂತಹ ಗಟ್ಟಿ ಸಂಘವೂ 2020ರಲ್ಲಿ, ಕೊರೊನಾ ಕಾಲದಲ್ಲಿ ಮಾಲು ಬಿಕರಿಯಾಗದೆ ತೀವ್ರ ಸಂಕಷ್ಟಕ್ಕೆ ಸಿಲುಕಿತ್ತು. ಮಹಿಳೆಯರದೇ ಮಾಲೀಕತ್ವ, ಸ್ವಂತ ಮಳಿಗೆ, ನಿಷ್ಠಾವಂತ ಗ್ರಾಹಕರು ಇದ್ದರೂ ಕಷ್ಟಕಾಲಕ್ಕೆ ಮೂಲಧನದ ಆಸರೆ ಬೇಕೆಂಬುದು ಇದರಿಂದ ಸ್ಪಷ್ಟ.

ಸರ್ಕಾರವೇ ಮೊದಲ ಗಿರಾಕಿಯಾಗಲಿ

ಯೋಜನೆಗಳ ಪಟ್ಟಿಯೇನೋ ಉದ್ದವಿದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವುದೂ ಸೇರಿದೆ. ತರಬೇತಿ ಅವಧಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ಇದರ ಸೌಲಭ್ಯಗಳು. ಆದರೆ ಲಂಟಾನ ಹೆಣೆಯುವ ಮಹಿಳೆಗೆ ಸಾಲಕ್ಕಿಂತ ಮೊದಲು ಬೇಕಾದುದು ಬೇಡಿಕೆ. ಕೊಳ್ಳುವವರಿಲ್ಲದೆ ಪಡೆದ ಸಾಲ ಕಸುಬಿನ ಕೊರಳಿಗೆ ಉರುಳಾಗುತ್ತದೆ.

ಆ ಬೇಡಿಕೆ ಜಿಲ್ಲೆಯೊಳಗೇ ಇದೆ. ಬಂಡೀಪುರ ಮತ್ತು ಕೆ. ಗುಡಿಯ ಸರ್ಕಾರಿ ವಸತಿಗೃಹಗಳಿಗೆ ಕುರ್ಚಿ, ಮೇಜು ಬೇಕು. ಅಂಗನವಾಡಿಗಳಿಗೆ ಆಟಿಕೆ ಬೇಕು. ಕಚೇರಿಗಳಿಗೆ ಕಸದ ಬುಟ್ಟಿ ಬೇಕು. ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆ, ಜಾತ್ರೆಗಳಲ್ಲಿ ಲಕ್ಷಾಂತರ ಭಕ್ತರು ಬರುತ್ತಾರೆ. ಹಣ್ಣುಕಾಯಿ ಒಯ್ಯಲು ಅವರಿಗೆ ಬುಟ್ಟಿ ಬೇಕು. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಿದ್ದಿದೆ. ನಿಷೇಧದ ಫಲಕದ ಪಕ್ಕದಲ್ಲೇ ಪರ್ಯಾಯವನ್ನೂ ಇಟ್ಟರೆ ಆದೇಶಕ್ಕೆ ಬಲ ಬಂದೀತು. ಟೆಂಡರ್ ನಿಯಮ ಅಡ್ಡಿ ಎನ್ನುವುದಾದರೆ ರಾಜ್ಯದ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ವಿನಾಯಿತಿಗೆ ಅವಕಾಶವಿದೆ. ದೊಡ್ಡ ಸಂಸ್ಥೆಗಳಿಗೆ ಹಲವು ಬಾರಿ ಬಳಕೆಯಾದ ಈ ಕಲಮು ಹಾಡಿಯ ಸ್ವಸಹಾಯ ಗುಂಪಿಗೂ ಬಳಕೆಯಾಗಬಾರದೇಕೆ?

ಅರಣ್ಯ ಇಲಾಖೆಯ ಪಾತ್ರವೂ ದೊಡ್ಡದು. ಲಂಟಾನ ತೆರವು ಇಲಾಖೆಗೆ ಪ್ರತಿವರ್ಷದ ಖರ್ಚು. ತೆರವಾದ ಕಡ್ಡಿಯನ್ನು ಸುಟ್ಟುಹಾಕುವ ಬದಲು ಕಾಡಿನ ಅಂಚಿಗೆ ತಂದು ಗುಂಪುಗಳಿಗೆ ಒಪ್ಪಿಸಿದರೆ ಮಹಿಳೆಯರಿಗೆ ಕಾಡಿನೊಳಗಿನ ಅಪಾಯ ತಪ್ಪುತ್ತದೆ, ಅರ್ಧ ದಿನದ ಅಲೆದಾಟವೂ ಉಳಿಯುತ್ತದೆ. ಇಲಾಖೆಯ ಮರ್ಜಿಯ ಮೇಲೆ ನಿಲ್ಲದ, ಲಿಖಿತ ವ್ಯವಸ್ಥೆ ಇದಾಗಬೇಕು. ಕಾಡು ಚೇತರಿಸಿ ಲಂಟಾನ ಕಡಿಮೆಯಾದರೆ ಕಸುಬು ಏನಾಗಬೇಕು ಎಂಬ ಆತಂಕವೂ ಕೆಲವರಲ್ಲಿದೆ. ಅಂತಹ ದಿನ ಸದ್ಯಕ್ಕಂತೂ ಕಾಣದು. ಬಂದರೂ, ಅಷ್ಟರೊಳಗೆ ಖಾಸಗಿ ಜಮೀನಿನಲ್ಲಿ ಬಿದಿರು ಬೆಳೆಸಿಕೊಳ್ಳಲು ಅಡ್ಡಿಯಿಲ್ಲ. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಕಾನೂನಿನ ದೃಷ್ಟಿಯಲ್ಲಿ ಮರವಲ್ಲ. ಬಾಳೆ ಹೆಚ್ಚು ಬೆಳೆಯುವ ಈ ಜಿಲ್ಲೆಯಲ್ಲಿ ಗೊನೆ ಕಡಿದ ಮೇಲೆ ಎಸೆಯುವ ದಿಂಡಿನ ನಾರೂ ಇದೆ. ಉಮ್ಮತ್ತೂರಿನ ಮಹಿಳಾ ಉದ್ಯಮಿಯೊಬ್ಬರು ಅದರಿಂದ ಚೀಲ, ಚಾಪೆ ಮಾಡಿ ಪ್ರಧಾನಿಯವರ 'ಮನದ ಮಾತು' ಕಾರ್ಯಕ್ರಮದಲ್ಲಿ ಪ್ರಸ್ತಾಪಗೊಂಡದ್ದನ್ನು ಇಲ್ಲಿ ಸ್ಮರಿಸಬಹುದು.

ನಗರದ ಗ್ರಾಹಕರಿಗೂ ಇದರಲ್ಲಿ ಹೊಣೆ ಇದೆ. ಮೇಳದಲ್ಲಿ ಬುಟ್ಟಿಯೊಂದರ ಬೆಲೆಯನ್ನು ಚೌಕಾಸಿ ಮಾಡಿ ಇಳಿಸಿದಾಗ ಇಳಿಯುವುದು ಲಾಭವಲ್ಲ, ಒಬ್ಬ ಮಹಿಳೆಯ ದಿನಗೂಲಿ. ವಸ್ತುವಿನ ಮೇಲೆ ಬೆಲೆಯ ಜೊತೆಗೆ ಅದರಲ್ಲಿ ಹೆಣೆದವರಿಗೆ ಸಲ್ಲುವ ಪಾಲು ಎಷ್ಟೆಂಬುದನ್ನೂ ಮುದ್ರಿಸುವ ಪದ್ಧತಿ ಬಂದರೆ ಈ ಸತ್ಯ ಕಣ್ಣಿಗೆ ಕಾಣುತ್ತದೆ. ಮಾರಾಟ ಸಂಸ್ಥೆಗಳು ಸ್ವಯಂಪ್ರೇರಣೆಯಿಂದ ಇದನ್ನು ಆರಂಭಿಸಲು ಯಾವ ಕಾನೂನೂ ಅಡ್ಡಬರುವುದಿಲ್ಲ.

ಕರಕುಶಲ ಕಸುಬು ಕಾಡಂಚಿನ ಎಲ್ಲ ಮನೆಗಳ ಬಡತನವನ್ನು ನೀಗಿಸೀತೆಂದು ಯಾರೂ ಹೇಳಲಾರರು. ವರ್ಷದಲ್ಲಿ ನೂರು ದಿನ, ಕೂಲಿಗೆ ಕಡಿಮೆಯಿಲ್ಲದ ದರದಲ್ಲಿ, ಊರು ಬಿಡದೆ ದುಡಿಯುವ ಅವಕಾಶ ಸಿಕ್ಕರೆ ಅದೇ ಬಹುದೊಡ್ಡ ಬದಲಾವಣೆ. ಮಕ್ಕಳನ್ನು ಶಾಲೆ ಬಿಡಿಸಿ ಕಾಫಿ ತೋಟಕ್ಕೆ ಕರೆದೊಯ್ಯಬೇಕಾದ ತಾಯಿಗೆ ಆ ನೂರು ದಿನದ ಬೆಲೆ ತಿಳಿದಿದೆ. ಜಿಲ್ಲಾಡಳಿತ ಮುಂದಿನ ತರಬೇತಿ ಶಿಬಿರವನ್ನು ಉದ್ಘಾಟಿಸುವ ಮುನ್ನ, ಕಳೆದ ಶಿಬಿರದಲ್ಲಿ ಕಲಿತವರ ಪೈಕಿ ಎಷ್ಟು ಮಂದಿ ಇಂದಿಗೂ ಹೆಣೆಯುತ್ತಿದ್ದಾರೆ, ಅವರ ಖಾತೆಗೆ ವರ್ಷದಲ್ಲಿ ಎಷ್ಟು ಹಣ ಬಂದಿದೆ ಎಂಬ ಲೆಕ್ಕವನ್ನು ಬಹಿರಂಗಪಡಿಸಿದರೆ ಕೆಲಸ ಸರಿಯಾದ ಜಾಗದಿಂದ ಆರಂಭವಾದಂತಾಗುತ್ತದೆ.